ಜೀವಕೋಶದೊಳಗಣ ಸಾಂಗತ್ಯ: ಪ್ರೋಟೀನು ಸಂಬಂಧಗಳನ್ನು ಗುರುತಿಸುವ ವಿಧಾನಗಳ ಚರಿತ್ರೆ

೧೯೦೨ರಲ್ಲಿ ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟವಾಗಿ ಹೊರತಂದರು. ಜಿಲ್ಲೆಯ ತಾಲ್ಲೂಕುಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದು ಶಾಸನಕ್ಕೂ ಸಂಖ್ಯೆಯನ್ನಿತ್ತು, ಅದು ಯಾವ ಗ್ರಾಮದಲ್ಲಿ, ಯಾವ ಗುಡಿಯ ಬಳಿ, ಎಂತಹ ಕಲ್ಲಿನ ಮೇಲೆ ಇದ್ದಿತೆಂಬುದನ್ನು ಪಾಠದ ತಲೆಯಲ್ಲಿಯೇ ನಮೂದಿಸಿದ ಕ್ರಮವು ಚರಿತ್ರೆಯ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ಈ ಒಂದು ಸಾಲಿನ ಬೆಲೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಶಾಸನದ ಮಾತು ಎಷ್ಟೇ ಸ್ಪಷ್ಟವಾಗಿರಲಿ, ಅದು ದೊರೆತ ಬಗೆ ತಿಳಿಯದಿದ್ದರೆ ಅದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವುದಕ್ಕೆ ಬರಲಾಗದು ಎಂಬುದನ್ನು ನಿರ್ಧರಿಸುವುದು ಕಷ್ಟ. ಸುಮಾರು ನೂರು ವರ್ಷಗಳ ತರುವಾಯ ಬೆಂಗಳೂರಿನಲ್ಲಿ ಇದೇ ಬಗೆಯ ಮತ್ತೊಂದು ಸಂಕಲನ ಕಾರ್ಯವು ನಡೆಯಿತು. ಅಲ್ಲಿ ಸಂಗ್ರಹಿಸಿದ್ದು ಮಾನವ ದೇಹದ ಪ್ರೋಟೀನುಗಳಲ್ಲಿ ಯಾವುದಕ್ಕೆ ಯಾವುದರೊಡನೆ ಸಂಬಂಧವಿದೆಯೆಂಬ ವೃತ್ತಾಂತವನ್ನು. ಆ ಸಂಕಲನದ ಪ್ರತಿಯೊಂದು ನಮೂದಿನ ಬದಿಯಲ್ಲಿಯೂ, ಈ ಸಂಬಂಧವು ಯಾವ ಪ್ರಯೋಗದಿಂದ ತಿಳಿದುಬಂದಿತೆಂಬ ಒಂದು ಮಾತು ಇದ್ದಿತು. ಆ ಒಂದು ಮಾತು ಏಕೆ ಅಗತ್ಯವಾಯಿತು, ಅದರ ಹಿಂದೆ ಎಷ್ಟು ಸಂದೇಹಗಳ ಚರಿತ್ರೆಯಿದೆ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಚರಿತ್ರೆಯ ವಿಭಾಗದ ಸಂಚಿಕೆಯಲ್ಲಿ ಜೀವರಸಾಯನದ ಮಾತೇಕೆ ಎಂದು ಕೇಳುವವರು ಇದ್ದಾರು. ಪ್ರಮಾಣಗಳ ಪರಿಶೋಧನೆಯು ಎಲ್ಲಿ ನಡೆದರೂ ಅದು ನಮ್ಮ ವಿಷಯವೇ ಎಂಬುದು ಅದಕ್ಕೆ ನಮ್ಮ ಉತ್ತರ.

ಮೊದಲು ವಿಷಯದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಹಿಂದಿನ ಪಠ್ಯಪುಸ್ತಕಗಳಲ್ಲಿ ಸಸಾರಜನಕವೆಂದು ಕರೆಯುತ್ತಿದ್ದ ಪ್ರೋಟೀನು ಆಹಾರದ ಒಂದು ಭಾಗ ಮಾತ್ರವಲ್ಲ. ಜೀವಕೋಶದ ಕೆಲಸಗಳನ್ನು ನಡೆಸುವ ಆಳುಗಳೆಲ್ಲ ಪ್ರೋಟೀನುಗಳೇ. ಒಂದು ಕೋಶದಲ್ಲಿ ಇವು ಸಾವಿರಾರು ಬಗೆಯಾಗಿ ಇರುತ್ತವೆ, ಮತ್ತು ಯಾವುದೂ ಒಂಟಿಯಾಗಿ ಕೆಲಸ ಮಾಡುವುದು ಅಪರೂಪ. ಕೋಶದ ಹೊರಪೊರೆಯಲ್ಲಿರುವ ಒಂದು ಪ್ರೋಟೀನಿಗೆ ಹೊರಗಿನಿಂದ 'ಬೆಳೆ' ಎಂಬ ಸಂದೇಶವು ತಲುಪಿತೆಂದರೆ, ಅದು ಒಳಬದಿಯಲ್ಲಿ ಗ್ರಬ್-೨ ಎಂಬ ಮತ್ತೊಂದನ್ನು ಹಿಡಿದುಕೊಳ್ಳುತ್ತದೆ. ಅದು ಮೂರನೆಯದನ್ನು ಕರೆತರುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿ ಸಂದೇಶವು ಕೋಶಕೇಂದ್ರವನ್ನು ಮುಟ್ಟುತ್ತದೆ. ಈ ಸರಪಣಿಯ ಒಂದು ಕೊಂಡಿ ಬಿಡಬೇಕಾದಾಗ ಬಿಡದೆ ಹಿಡಿದೇ ಇದ್ದರೆ ಕೋಶವು ಬೆಳೆಯುತ್ತಲೇ ಹೋಗುತ್ತದೆ. ಹಲವು ಬಗೆಯ ಅರ್ಬುದ ರೋಗಗಳ ಮೂಲ ಇದೇ. ಆದುದರಿಂದ ಯಾವುದು ಯಾವುದನ್ನು ಮುಟ್ಟುತ್ತದೆಂಬ ಪ್ರಶ್ನೆ ಕೇವಲ ಪಾಂಡಿತ್ಯದ ಕುತೂಹಲವಲ್ಲ. ತಪ್ಪು ಕೊಂಡಿಯನ್ನು ಸರಿಯೆಂದು ಬರೆದಿಟ್ಟರೆ ಔಷಧವನ್ನು ಅರಸುವವನು ವರ್ಷಗಳ ಕಾಲ ತಪ್ಪು ಬಾಗಿಲನ್ನು ತಟ್ಟುತ್ತಿರಬೇಕಾಗುತ್ತದೆ.

ಇದನ್ನು ಕಣ್ಣಿನಿಂದ ನೋಡಿ ತಿಳಿಯಲು ಬರುವುದಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದ ಬೆಳಕಿಗೆ ನಿಲುಕದಷ್ಟು ಚಿಕ್ಕವು ಇವು. ಹಾಗಾದರೆ ದಾರಿ ಯಾವುದು? ಸಾಲಗಾಮೆ ಹೋಬಳಿಯ ಗ್ರಾಮಗಳಲ್ಲಿ ಯಾರಿಗೆ ಯಾರು ಬಂಧು, ಯಾರೊಡನೆ ಯಾರಿಗೆ ಕೊಳುಕೊಡೆ ಎಂಬುದನ್ನು ತಿಳಿಯಬಯಸುವ ಹೊರಗಿನವನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನು ಮನೆಮನೆಗೆ ಹೋಗಲಾರ. ಎಲ್ಲರೂ ಹಾಸನದ ಸಂತೆಗೆ ಬಂದ ದಿನ ಯಾರ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಬರೆದುಕೊಳ್ಳುತ್ತಾನೆ. ಬಂಧುಗಳು ಕೆಲವರು ಜೊತೆಯಲ್ಲಿ ಸಿಕ್ಕುತ್ತಾರೆ, ನಿಜ. ಆದರೆ ಊರಿನಲ್ಲಿ ಎಂದೂ ಮುಖ ನೋಡದವರು ಗುಂಪಿನ ಒತ್ತಡದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಮನೆಯಲ್ಲಿ ಒಂದೇ ಒಲೆಯವರು ಸಂತೆಯ ಎರಡು ಕೊನೆಗಳಲ್ಲಿ ಇರುತ್ತಾರೆ. ಪ್ರೋಟೀನು ಸಂಬಂಧಗಳ ಶೋಧನೆಯ ಚರಿತ್ರೆಯೆಲ್ಲ ಈ ಎರಡು ಬಗೆಯ ದೋಷಗಳಿಂದ ಬಿಡಿಸಿಕೊಳ್ಳುವ ಪ್ರಯತ್ನವೆಂದು ನಾವು ಭಾವಿಸುತ್ತೇವೆ.

ಶೋಧನೆಗೆ ಬೇಕಾದ ಕೋಶಗಳ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಯುಕ್ತ. ಪ್ರಾಣಿಯ ಕೋಶಗಳನ್ನು ದೇಹದಿಂದ ಹೊರತೆಗೆದು ಗಾಜಿನ ಪಾತ್ರೆಯಲ್ಲಿ ಜೀವಂತವಾಗಿಡುವ ಕ್ರಮವನ್ನು ೧೯೦೭ರಲ್ಲಿ ರಾಸ್ ಹ್ಯಾರಿಸನ್ ಎಂಬ ಅಮೆರಿಕದ ವಿಜ್ಞಾನಿ ಕಪ್ಪೆಯ ನರತಂತುಗಳ ವಿಷಯದಲ್ಲಿ ಸಾಧಿಸಿ ತೋರಿಸಿದನು. ಆದರೆ ಮಾನವ ಕೋಶಗಳು ಬಹುಕಾಲ ಒಗ್ಗಲಿಲ್ಲ. ೧೯೫೧ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ ಲ್ಯಾಕ್ಸ್ ಎಂಬ ನೀಗ್ರೋ ಮೂಲದ ಗೃಹಿಣಿಯ ಗರ್ಭಕಂಠದ ಗಡ್ಡೆಯಿಂದ ತೆಗೆದ ಕೋಶಗಳು ಜಾರ್ಜ್ ಗೈ ಎಂಬವರ ಪ್ರಯೋಗಶಾಲೆಯಲ್ಲಿ ನಿಲ್ಲದೆ ವೃದ್ಧಿಯಾದುವು. ಆಕೆ ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡಳು. ಆಕೆಯ ಹೆಸರಿನ ಮೊದಲ ಅಕ್ಷರಗಳಿಂದ 'ಹೀಲಾ' ಎಂದು ಹೆಸರು ಪಡೆದ ಕೋಶವಂಶವು ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. ಕೋಶಗಳನ್ನು ತೆಗೆಯುವಾಗ ಆಕೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲವೆಂಬುದನ್ನು ಚರಿತ್ರೆ ಬರೆಯುವವರು ಬಿಟ್ಟುಹೋಗಬಾರದು. ಮತ್ತೊಂದು ಪ್ರಸಿದ್ಧ ಕೋಶವಂಶವು ೧೯೭೩ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಹುಟ್ಟಿತು. ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡೆನೋವೈರಸ್ಸಿನ ಡಿ.ಎನ್.ಎ.ಯನ್ನು ಸೇರಿಸುವ ಕೆಲಸದಲ್ಲಿ ಫ್ರ್ಯಾಂಕ್ ಗ್ರಹಾಮರಿಗೆ ತಮ್ಮ ೨೯೩ನೆಯ ಪ್ರಯೋಗದಲ್ಲಿ ಜಯ ದೊರೆತುದರಿಂದ ಅದಕ್ಕೆ 'ಹೆಕ್ ೨೯೩' ಎಂದೇ ಹೆಸರಾಯಿತು. ಪ್ರಯೋಗದ ಕ್ರಮಸಂಖ್ಯೆಯೇ ವಂಶನಾಮವಾದುದು ಸ್ವಾರಸ್ಯವಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ವೃತ್ತಾಂತವುಂಟು. ೧೯೬೬ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬವರು, ಬೇರೆ ಬೇರೆ ವ್ಯಕ್ತಿಗಳಿಂದ, ಬೇರೆ ಬೇರೆ ಅಂಗಗಳಿಂದ ಬಂದುವೆಂದು ನಂಬಿದ್ದ ಅನೇಕ ಕೋಶವಂಶಗಳು ವಾಸ್ತವವಾಗಿ ಹೀಲಾ ಕೋಶಗಳೇ ಎಂದು ಒಂದು ಕಿಣ್ವದ ಭೇದವನ್ನು ಆಧರಿಸಿ ತೋರಿಸಿದರು. ಹೀಲಾ ಕೋಶಗಳು ಹೇಗೋ ಇತರ ಪಾತ್ರೆಗಳಿಗೆ ಬೆರೆತು, ಅಲ್ಲಿದ್ದವನ್ನು ಹಿಂದಿಕ್ಕಿ, ಅವುಗಳ ಹೆಸರಿನಲ್ಲಿಯೇ ಬಾಳುತ್ತಿದ್ದುವು. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ವಾದಿಸಿದಾಗ, ರೈಸರು ಅವನ್ನು ಸಮರ್ಥಿಸಿಕೊಂಡು ನಡೆಸಿದ ದೀರ್ಘ ವಾಗ್ವಾದವನ್ನು ಬಲ್ಲ ನಮಗೆ ಇದು ಹೊಸದಾಗಿ ತೋರುವುದಿಲ್ಲ. ಅಲ್ಲಿ ಲಿಪಿಯ ರೂಪ ಸಾಕ್ಷಿ ಹೇಳಿತು, ಇಲ್ಲಿ ಕಿಣ್ವ ಸಾಕ್ಷಿ ಹೇಳಿತು.

ಸಂಬಂಧವನ್ನು ಪತ್ತೆಹಚ್ಚುವ ಹಳೆಯ ಕ್ರಮವು ಪ್ರತಿಕಾಯಗಳನ್ನು ಆಶ್ರಯಿಸಿದುದು. ಒಂದು ಗೊತ್ತಾದ ಪ್ರೋಟೀನನ್ನೇ ಹುಡುಕಿ ಹಿಡಿಯುವ ಪ್ರತಿಕಾಯವು ಕೈಯಲ್ಲಿದ್ದರೆ, ಕೋಶಗಳನ್ನು ಮಾರ್ಜಕದ ನೀರಿನಲ್ಲಿ ಒಡೆದು, ಆ ದ್ರವದಿಂದ ಬೇಕಾದ ಪ್ರೋಟೀನನ್ನು ಎಳೆದು ತೆಗೆಯಬಹುದು. ಅದರ ಕೈ ಹಿಡಿದು ಬಂದುವು ಯಾವುವೆಂದು ಅನಂತರ ನೋಡಬಹುದು. ೧೯೭೫ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಮಾರ್ಗವನ್ನು ಕಂಡುಹಿಡಿದ ಮೇಲೆ ಈ ಕ್ರಮವು ಎಲ್ಲೆಡೆ ಹಬ್ಬಿತು. ಇದರ ಗುಣವೂ ದೋಷವೂ ಒಂದೇ ಕಡೆ ಇವೆ. ಪ್ರೋಟೀನು ತನ್ನ ಸ್ವಂತ ಕೋಶದಲ್ಲಿ, ಸಹಜವಾದ ಪ್ರಮಾಣದಲ್ಲಿ ಇರುವಾಗ ಹಿಡಿದುದು ಗುಣ. ಆದರೆ ಹಿಡಿಯಲು ಕೋಶವನ್ನು ಒಡೆಯಲೇಬೇಕು. ಒಡೆದ ಕ್ಷಣದಲ್ಲಿ ಪೊರೆಯ ಗೋಡೆಗಳೆಲ್ಲ ಬಿದ್ದು, ಕೋಶಕೇಂದ್ರದಲ್ಲಿದ್ದುದೂ ಹೊರಪೊರೆಯಲ್ಲಿದ್ದುದೂ ಒಂದೇ ಮಡುವಿನಲ್ಲಿ ಬೀಳುತ್ತವೆ. ಮಾರ್ಜಕವು ಹದವಾಗಿದ್ದರೆ ಜೀವಮಾನದಲ್ಲಿ ಎಂದೂ ಭೇಟಿಯಾಗದವು ಅಂಟಿಕೊಳ್ಳುತ್ತವೆ. ಉಪ್ಪನ್ನೂ ಮಾರ್ಜಕವನ್ನೂ ಖಾರ ಮಾಡಿದರೆ ನಿಜವಾದ, ಆದರೆ ಮೃದುವಾದ ಬಂಧಗಳು ಕಳಚಿಹೋಗುತ್ತವೆ. ಎಷ್ಟು ಸಲ ತೊಳೆಯಬೇಕೆಂಬುದು ಪ್ರಯೋಗ ಮಾಡುವವನ ಕೈಗುಣಕ್ಕೆ ಬಿಟ್ಟ ಮಾತಾಗಿತ್ತು. ಸಂತೆಯ ದೃಷ್ಟಾಂತವು ಇಲ್ಲಿಗೆ ಅಕ್ಷರಶಃ ಅನ್ವಯಿಸುತ್ತದೆ.

೧೯೮೯ರಲ್ಲಿ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ ಎಂಬವರು ಕೋಶವನ್ನು ಒಡೆಯದೆಯೇ ಪ್ರಶ್ನೆ ಕೇಳುವ ಯುಕ್ತಿಯೊಂದನ್ನು ಪ್ರಕಟಿಸಿದರು. ಬ್ರೆಡ್ಡಿನ ಹುದುಗಿಗೆ ಬಳಸುವ ಯೀಸ್ಟಿನಲ್ಲಿ ಗ್ಯಾಲ್-೪ ಎಂಬ ಪ್ರೋಟೀನಿದೆ. ಅದರ ಒಂದು ಭಾಗ ಡಿ.ಎನ್.ಎ.ಯ ಗೊತ್ತಾದ ಸ್ಥಳದಲ್ಲಿ ಕೂರುತ್ತದೆ, ಇನ್ನೊಂದು ಭಾಗ ಅಲ್ಲಿನ ಜೀನಿಗೆ ಚಾಲನೆ ಕೊಡುತ್ತದೆ. ಎರಡು ಭಾಗಗಳನ್ನು ಬೇರ್ಪಡಿಸಿದರೆ ಕೆಲಸ ನಿಲ್ಲುತ್ತದೆ. ಪರೀಕ್ಷಿಸಬೇಕಾದ ಎರಡು ಪ್ರೋಟೀನುಗಳಲ್ಲಿ ಒಂದಕ್ಕೆ ಮೊದಲ ಭಾಗವನ್ನೂ ಮತ್ತೊಂದಕ್ಕೆ ಎರಡನೆಯ ಭಾಗವನ್ನೂ ಕಟ್ಟಿ ಯೀಸ್ಟಿನೊಳಗೆ ಬಿಟ್ಟಾಗ, ಅವೆರಡೂ ಪರಸ್ಪರ ಹಿಡಿದುಕೊಂಡರೆ ಮಾತ್ರ ಭಾಗಗಳು ಹತ್ತಿರ ಬಂದು ಜೀನು ಎಚ್ಚರಗೊಳ್ಳುತ್ತದೆ, ಯೀಸ್ಟು ನೀಲಿ ಬಣ್ಣ ತಾಳುತ್ತದೆ. ತಾಲ್ಲೂಕು ಖಜಾನೆಯ ಪೆಟ್ಟಿಗೆಗೆ ಎರಡು ಬೀಗಗಳಿದ್ದು, ಇಬ್ಬರು ಅಧಿಕಾರಿಗಳು ತಮ್ಮ ತಮ್ಮ ಕೀಲಿಕೈಯೊಡನೆ ಒಟ್ಟಿಗೆ ಬಂದಲ್ಲದೆ ತೆರೆಯದ ಪದ್ಧತಿಯಂತೆ ಇದು. ಪೆಟ್ಟಿಗೆ ತೆರೆದಿದ್ದರೆ ಇಬ್ಬರೂ ಬಂದಿದ್ದರೆಂದು ಅರ್ಥ.

ಈ ಯುಕ್ತಿ ಎಷ್ಟು ಸುಲಭವಾಗಿದ್ದಿತೆಂದರೆ ಹತ್ತೇ ವರ್ಷಗಳಲ್ಲಿ ಯೀಸ್ಟಿನ ಸಮಸ್ತ ಪ್ರೋಟೀನುಗಳನ್ನೂ ಜೋಡಿ ಜೋಡಿಯಾಗಿ ಪರೀಕ್ಷಿಸುವ ಸಾಹಸಗಳು ನಡೆದುವು. ೨೦೦೦ದಲ್ಲಿ ಯೂಟ್ಸ್ ಮತ್ತು ಅವರ ಸಂಗಡಿಗರು ೯೫೭ ಸಂಬಂಧಗಳ ಪಟ್ಟಿಯನ್ನು ಕೊಟ್ಟರು. ೨೦೦೧ರಲ್ಲಿ ಜಪಾನಿನ ಇಟೋ ಮತ್ತು ಸಂಗಡಿಗರು ನಾಲ್ಕೂವರೆ ಸಾವಿರಕ್ಕೂ ಮಿಕ್ಕ ಪಟ್ಟಿಯೊಂದನ್ನು ಪ್ರಕಟಿಸಿದರು. ಒಂದೇ ಜೀವಿ, ಒಂದೇ ತತ್ತ್ವದ ಪ್ರಯೋಗ. ಆದರೂ ಎರಡು ಪಟ್ಟಿಗಳಲ್ಲಿ ಸಮಾನವಾದುದು ಬಹು ಸ್ವಲ್ಪ. ೨೦೦೨ರಲ್ಲಿ ಫಾನ್ ಮೇರಿಂಗ್ ಮತ್ತು ಸಂಗಡಿಗರು ಅಂದಿಗೆ ನಾನಾ ವಿಧಾನಗಳಿಂದ ವರದಿಯಾಗಿದ್ದ ಯೀಸ್ಟಿನ ಸುಮಾರು ೮೦,೦೦೦ ಸಂಬಂಧಗಳನ್ನು ಹೋಲಿಸಿ ನೋಡಿದಾಗ, ಒಂದಕ್ಕಿಂತ ಹೆಚ್ಚು ವಿಧಾನಗಳ ಬೆಂಬಲವಿದ್ದುವು ಸುಮಾರು ೨,೪೦೦ ಮಾತ್ರ ಎಂದು ಕಂಡುಬಂದಿತು. ಈ ಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಖ್ಯೆ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಮಿಕ್ಕುವೆಲ್ಲ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಂದೊಂದು ವಿಧಾನವೂ ಒಂದೊಂದು ಬಗೆಯ ಸಂಬಂಧವನ್ನು ಕಾಣಬಲ್ಲುದು, ಮತ್ತೊಂದು ಬಗೆಗೆ ಕುರುಡಾಗಿರಬಹುದು. ಯೀಸ್ಟಿನ ಪ್ರಯೋಗವು ಕೋಶಕೇಂದ್ರದಲ್ಲಿ ನಡೆಯತಕ್ಕದ್ದು. ಪೊರೆಯಲ್ಲಿ ಹುದುಗಿರುವ ಪ್ರೋಟೀನನ್ನು ಅಲ್ಲಿಗೆ ಕರೆತಂದರೆ ಅದು ನೀರಿನಿಂದ ತೆಗೆದ ಮೀನಿನಂತಾಗುತ್ತದೆ. ಮಾನವ ಪ್ರೋಟೀನಿಗೆ ಅಗತ್ಯವಾದ ಕೆಲವು ರಾಸಾಯನಿಕ ಅಲಂಕಾರಗಳು ಯೀಸ್ಟಿನಲ್ಲಿ ದೊರೆಯುವುದೂ ಇಲ್ಲ. ಹೀಗಿರಲು ವಿಧಾನವನ್ನು ಹೇಳದೆ ಸಂಬಂಧವನ್ನು ಮಾತ್ರ ಹೇಳುವುದು, ದೊರೆತ ಸ್ಥಳವನ್ನು ಬಿಟ್ಟು ಶಾಸನದ ಪಾಠವನ್ನು ಮಾತ್ರ ಅಚ್ಚು ಹಾಕಿದಂತೆ.

ಇಷ್ಟರಲ್ಲಿ ಒಡೆದು ಎಳೆಯುವ ಹಳೆಯ ಮಾರ್ಗವೂ ಸುಧಾರಿಸುತ್ತ ಬಂದಿತ್ತು. ೧೯೯೯ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ವಿಜ್ಞಾನಿಗಳು ಪ್ರೋಟೀನಿನ ಬಾಲಕ್ಕೆ ಎರಡು ಹಿಡಿಕೆಗಳನ್ನು ಜೋಡಿಸಿ, ಒಂದರಿಂದ ಒಮ್ಮೆ, ಮತ್ತೊಂದರಿಂದ ಇನ್ನೊಮ್ಮೆ ಎಳೆಯುವ ಕ್ರಮವನ್ನು ತಂದರು. ಎರಡು ಸಲ ಜರಡಿ ಹಿಡಿದಂತಾಗಿ ಹೊಟ್ಟು ಬಹಳ ಮಟ್ಟಿಗೆ ಕಳೆಯಿತು. ಎಳೆದುದರಲ್ಲಿ ಏನಿದೆಯೆಂದು ಹೇಳುವ ಕೆಲಸವನ್ನು ದ್ರವ್ಯರಾಶಿ ರೋಹಿತಮಾಪಕವು ವಹಿಸಿಕೊಂಡಿತು. ದೊಡ್ಡ ಅಣುಗಳನ್ನು ಅದರಲ್ಲಿ ತೂಗುವ ಮಾರ್ಗಗಳನ್ನು ತೋರಿಸಿದ್ದಕ್ಕಾಗಿ ಜಾನ್ ಫೆನ್ ಮತ್ತು ಕೊಯಿಚಿ ತನಕ ಅವರಿಗೆ ೨೦೦೨ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಆದರೆ ಯಂತ್ರವು ಎಷ್ಟು ಸೂಕ್ಷ್ಮವಾಯಿತೋ ಅಷ್ಟೂ ಕಸವನ್ನೂ ಎಣಿಸಿ ತೋರಿಸಲಾರಂಭಿಸಿತು. ಒಂದು ಎಳೆತದಲ್ಲಿ ನೂರಾರು ಹೆಸರುಗಳು. ನಿಜವಾದ ನೆಂಟರು ಯಾರು, ಊಟದ ಹೊತ್ತಿಗೆ ಬಂದು ಪಂಕ್ತಿಯಲ್ಲಿ ಕುಳಿತವರು ಯಾರು?

ಇದಕ್ಕೆ ದೊರೆತ ಉತ್ತರವು ಸಾಕಿದ ಕೋಶಗಳಲ್ಲಿ ಸಾಧ್ಯವಾದ ಒಂದು ಜಾಣ್ಮೆ. ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿ ಮಥಿಯಾಸ್ ಮಾನ್ ಅವರ ಬಳಗವು ೨೦೦೨ರಲ್ಲಿ 'ಸೈಲ್ಯಾಕ್' ಎಂಬ ಕ್ರಮವನ್ನು ಪ್ರಕಟಿಸಿತು. ಆ ಲೇಖನದ ಕರ್ತೃಗಳಲ್ಲಿ ಅಖಿಲೇಶ ಪಾಂಡೆಯವರೂ ಒಬ್ಬರು. ಪಾತ್ರೆಯಲ್ಲಿ ಬೆಳೆಯುವ ಕೋಶಗಳು ತಮಗೆ ಬೇಕಾದ ಲ್ಯೂಸೀನ್ ಎಂಬ ಅಮೈನೋ ಆಮ್ಲವನ್ನು ಉಣಿಸಿನಿಂದಲೇ ಪಡೆಯಬೇಕು. ಒಂದು ಪಾತ್ರೆಗೆ ಸಾಧಾರಣ ಲ್ಯೂಸೀನನ್ನೂ ಮತ್ತೊಂದಕ್ಕೆ ಭಾರ ಜಲಜನಕದಿಂದ ಕೂಡಿದ, ತುಸು ತೂಕದ ಲ್ಯೂಸೀನನ್ನೂ ಕೊಟ್ಟರೆ, ಸುಮಾರು ಐದು ಪೀಳಿಗೆಗಳಲ್ಲಿ ಎರಡನೆಯ ಪಾತ್ರೆಯ ಪ್ರೋಟೀನುಗಳೆಲ್ಲ ತೂಕದವಾಗುತ್ತವೆ. ನಡತೆಯಲ್ಲಿ ಭೇದವಿಲ್ಲ, ತಕ್ಕಡಿಗೆ ಮಾತ್ರ ಭೇದ ತಿಳಿಯುತ್ತದೆ. ಮುಂದಿನ ವರ್ಷ ಅದೇ ಬಳಗವು ಈ ಕ್ರಮವನ್ನು ಸಂಬಂಧಗಳ ಶೋಧನೆಗೆ ಹೂಡಿತು. ಈ ಸಲ ಭಾರವಾದ ಆರ್ಜಿನೀನನ್ನು ಬಳಸಿ, ಹೀಲಾ ಕೋಶಗಳ ಒಂದು ಪಾತ್ರೆಗೆ ಬೆಳವಣಿಗೆಯ ಸಂದೇಶವನ್ನು ಕೊಟ್ಟು, ಮತ್ತೊಂದಕ್ಕೆ ಕೊಡದೆ, ಎರಡನ್ನೂ ಒಡೆದು ಬೆರೆಸಿ, ಗ್ರಬ್-೨ರ ಹಿಡಿಯುವ ಭಾಗವನ್ನೇ ಗಾಳದ ಎರೆಯಾಗಿ ಮಾಡಿ ಎಳೆದರು. ಬಂದ ೨೨೮ ಪ್ರೋಟೀನುಗಳಲ್ಲಿ ಸಂದೇಶ ಪಡೆದ ಕೋಶಗಳಿಂದ ವಿಶೇಷವಾಗಿ ಹೆಚ್ಚು ಬಂದುವು ೨೮ ಮಾತ್ರ. ಮಿಕ್ಕ ೨೦೦ ಎರಡು ಪಾತ್ರೆಗಳಿಂದಲೂ ಸರಿಸಮವಾಗಿ ಬಂದವು, ಎಂದರೆ ಕರೆಯದೆ ಬಂದವು ಅಥವಾ ಸಂದೇಶಕ್ಕೆ ಸಂಬಂಧವಿಲ್ಲದವು. ಕಸವನ್ನು ತೊಳೆದು ಕಳೆಯುವ ಪ್ರಯತ್ನವನ್ನು ಇಲ್ಲಿ ಮುಖ್ಯವಾಗಿ ಅವಲಂಬಿಸಿಲ್ಲ. ಕಸವು ತಾನೇ ತನ್ನ ಗುರುತು ಹೇಳುವಂತೆ ಮಾಡಲಾಗಿದೆ. ಒಂದೇ ಗ್ರಂಥದ ಎರಡು ಹಸ್ತಪ್ರತಿಗಳನ್ನು ಬದಿಬದಿಗಿಟ್ಟು ಪಾಠಾಂತರಗಳನ್ನು ಗುರುತಿಸುವ ಸಂಪಾದಕನಿಗೆ ಇದರ ಸೊಗಸು ಬೇಗ ಮನದಟ್ಟಾಗುತ್ತದೆ.

ಪಾಂಡೆಯವರ ಹೆಸರು ನಮ್ಮನ್ನು ಬೆಂಗಳೂರಿಗೆ ಕರೆತರುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕತ್ವವನ್ನು ವಹಿಸಿಕೊಂಡ ಕಾಲದಲ್ಲಿಯೇ, ೨೦೦೨ರಲ್ಲಿ, ಅವರು ವೈಟ್‌ಫೀಲ್ಡಿನ ತಾಂತ್ರಿಕ ಉದ್ಯಾನದಲ್ಲಿ 'ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್' ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಆರಂಭವಾದ ದೊಡ್ಡ ಕಾರ್ಯವೇ ನಾವು ಮೊದಲಿಗೆ ಸೂಚಿಸಿದ ಸಂಕಲನ, 'ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್', ಸಂಕ್ಷೇಪವಾಗಿ ಎಚ್.ಪಿ.ಆರ್.ಡಿ. ಪ್ರಪಂಚದ ನಿಯತಕಾಲಿಕಗಳಲ್ಲಿ ಚೆದರಿಹೋಗಿದ್ದ ಪ್ರಯೋಗ ವರದಿಗಳನ್ನು ಜೀವವಿಜ್ಞಾನದಲ್ಲಿ ಶಿಕ್ಷಣ ಪಡೆದ ವಾಚಕರು ಕುಳಿತು ಓದಿ, ಅರ್ಥಮಾಡಿಕೊಂಡು, ಒಂದೊಂದು ಪ್ರೋಟೀನಿನ ಕೆಳಗೆ ಅದರ ರಚನೆ, ಅದು ಇರುವ ಸ್ಥಳ, ಅದಕ್ಕೆ ಸೇರುವ ರಾಸಾಯನಿಕ ಗುಂಪುಗಳು, ಅದರಿಂದಾಗುವ ರೋಗ, ಅದರ ಸಂಗಾತಿಗಳು ಎಂಬ ವಿವರಗಳನ್ನು ಬರೆದಿಟ್ಟರು. ಕಂಪ್ಯೂಟರಿಗೆ ಲೇಖನಗಳನ್ನು ಕೊಟ್ಟು ಹೆಸರುಗಳನ್ನು ಹೆಕ್ಕಿಸುವ ಸುಲಭ ಮಾರ್ಗವನ್ನು ನೆಚ್ಚಿಕೊಳ್ಳಲಿಲ್ಲ.

ಏಕೆ ನೆಚ್ಚಿಕೊಳ್ಳಲಾಗದೆಂಬುದನ್ನು ಈ ಜಿಲ್ಲೆಯ ಶಾಸನಗಳನ್ನು ಓದಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹೊಯ್ಸಳರಲ್ಲಿ ಬಲ್ಲಾಳರು ಮೂವರು, ನರಸಿಂಹರು ಮೂವರು. ಶಾಸನವೊಂದು ಬಲ್ಲಾಳದೇವನು ರಾಜ್ಯವಾಳುತ್ತಿರಲು ಎಂದಷ್ಟೇ ಹೇಳಿದರೆ ಅವನು ಯಾವ ಬಲ್ಲಾಳನೆಂಬುದನ್ನು ತಿಥಿ, ಬಿರುದು, ಪರಿವಾರದ ಹೆಸರುಗಳಿಂದ ಊಹಿಸಬೇಕು. ಪ್ರೋಟೀನುಗಳ ನಾಮಕರಣದಲ್ಲಿಯೂ ಇದೇ ತೊಡಕು. 'ಪಿ೨೧' ಎಂಬ ಹೆಸರು ಒಂದು ಲೇಖನದಲ್ಲಿ ಕೋಶವನ್ನು ಬೆಳೆಯಲು ಪ್ರೇರಿಸುವ ರ‍್ಯಾಸ್ ಪ್ರೋಟೀನಿಗೆ ಸಂದರೆ, ಮತ್ತೊಂದರಲ್ಲಿ ಕೋಶವಿಭಜನೆಯನ್ನು ತಡೆಹಿಡಿಯುವ ಬೇರೊಂದಕ್ಕೆ ಸಲ್ಲುತ್ತದೆ. ಒಂದು ಬೆಳೆಸುವುದು, ಒಂದು ನಿಲ್ಲಿಸುವುದು, ಹೆಸರು ಒಂದೇ! ಹಾಗೆಯೇ ಒಂದೇ ಪ್ರೋಟೀನಿಗೆ ನಾಲ್ಕಾರು ಹೆಸರುಗಳೂ ಉಂಟು. ಪೂರ್ವಾಪರವನ್ನು ಓದದೆ ಇವನ್ನು ಬಿಡಿಸಲು ಬರುವುದಿಲ್ಲ.

ಈ ವಾಚಕರು ಪ್ರತಿ ಸಂಬಂಧದ ಎದುರಿಗೆ ಮೂಲ ಲೇಖನದ ಸೂಚನೆಯನ್ನು ಕೊಟ್ಟುದಲ್ಲದೆ, ಅದಕ್ಕೆ ಆಧಾರವಾದ ಪ್ರಯೋಗವನ್ನು ಮೂರು ವರ್ಗಗಳಲ್ಲಿ ಒಂದಕ್ಕೆ ಸೇರಿಸಿದರು: ಜೀವಂತ ಕೋಶದಲ್ಲಿ ನಡೆದ ಸಂಬಂಧವನ್ನು ತೋರಿಸುವುದು, ಶುದ್ಧಗೊಳಿಸಿದ ಪ್ರೋಟೀನುಗಳನ್ನು ಗಾಜಿನ ನಳಿಗೆಯಲ್ಲಿ ಕೂಡಿಸಿ ತೋರಿಸುವುದು, ಯೀಸ್ಟಿನ ಎರಡು ಬೀಗದ ಪರೀಕ್ಷೆಯಿಂದ ತೋರಿಸುವುದು. ಒಂದೇ ಸಂಬಂಧಕ್ಕೆ ಮೂರೂ ಬಗೆಯ ಸಾಕ್ಷ್ಯವಿರಬಹುದು, ಒಂದೇ ಇರಬಹುದು. ಓದುವವನು ತೂಗಿ ನೋಡಿಕೊಳ್ಳಲಿ ಎಂಬುದು ಅವರ ನಿಲುವು. ೨೦೦೩ರಲ್ಲಿ ಮೊದಲ ವರದಿ ಪ್ರಕಟವಾದಾಗ ೨,೭೫೦ ಪ್ರೋಟೀನುಗಳ ವಿವರವಿದ್ದಿತು. ೨೦೧೦ರ ಒಂಬತ್ತನೆಯ ಆವೃತ್ತಿಯ ವೇಳೆಗೆ ೩೦,೦೪೭ ನಮೂದುಗಳೂ ೪೧,೩೨೭ ಸಂಬಂಧಗಳೂ ಸೇರಿದ್ದುವು. ವಿದ್ವತ್ ಸಂಸ್ಥೆಗಳು ಇದನ್ನು ಯಾವ ಶುಲ್ಕವೂ ಇಲ್ಲದೆ ಬಳಸಬಹುದಾಗಿದ್ದಿತು. ಅದನ್ನು ಆಧರಿಸಿ ಬರೆದ ಲೇಖನಗಳು ಎಲ್ಲ ಖಂಡಗಳಿಂದಲೂ ಬಂದಿವೆ. ತೆರೆದ ಪುಸ್ತಕದ ಮುಂದೆ ಕುಳಿತು ಮಾಡುವ ಇಂತಹ ಕೆಲಸಕ್ಕೆ ನಮ್ಮಲ್ಲಿ ಗೌರವ ಕಡಮೆ. ಯಂತ್ರದ ಮುಂದೆ ನಿಂತವನನ್ನು ವಿಜ್ಞಾನಿಯೆನ್ನುತ್ತೇವೆ, ಯಂತ್ರದ ಫಲವನ್ನು ತೂಗಿ ನೋಡಿದವನನ್ನು ಗುಮಾಸ್ತನೆನ್ನುತ್ತೇವೆ. ಇದು ನ್ಯಾಯವಲ್ಲ.

ಈ ಬಗೆಯ ಸಂಕಲನಗಳಿಗೆ ಆಕ್ಷೇಪಣೆಯೂ ಬಾರದಿರಲಿಲ್ಲ. ೨೦೦೯ರಲ್ಲಿ ಅಮೆರಿಕದ ಒಂದು ಬಳಗವು, ಲೇಖನಗಳನ್ನು ಓದಿ ಸಂಗ್ರಹಿಸಿದ ಸಂಬಂಧಗಳಲ್ಲಿ ಬಹುಪಾಲಿಗೆ ಒಂದೇ ಒಂದು ಲೇಖನದ ಆಧಾರವಿದೆಯೆಂದೂ, ಮಾದರಿಗಾಗಿ ಆಯ್ದು ಮತ್ತೆ ಓದಿದಾಗ ಹಲವು ನಮೂದುಗಳು ಸಂಶಯಾಸ್ಪದವಾಗಿ ಕಂಡುವೆಂದೂ ಬರೆಯಿತು. ಅದೇ ವರ್ಷ ಹಲವು ದತ್ತಸಂಗ್ರಹಗಳ ಸಂಪಾದಕರು ಆ ಮಾದರಿಯನ್ನೇ ಮರಳಿ ಪರೀಕ್ಷಿಸಿ, ದೋಷವು ಹೇಳಿದುದಕ್ಕಿಂತ ಬಹಳ ಕಡಮೆಯೆಂದು ಉತ್ತರವಿತ್ತರು. ನಮಗೆ ತೋರುವಂತೆ ಎರಡು ಪಕ್ಷಗಳಲ್ಲಿಯೂ ಸತ್ಯವಿದೆ. ಒಂದೇ ಲೇಖನದ ಆಧಾರವೆಂಬುದು ದೌರ್ಬಲ್ಯವೇ ಸರಿ. ಆದರೆ ಆ ದೌರ್ಬಲ್ಯವನ್ನು ಎಣಿಸಿ ಹೇಳಲು ಸಾಧ್ಯವಾದುದು ಸಂಕಲನಕಾರರು ಆಧಾರವನ್ನು ಬರೆದಿಟ್ಟಿದ್ದರಿಂದಲೇ ಅಲ್ಲವೇ?

ಬೆಂಗಳೂರಿನ ಸಂಸ್ಥೆಯು ಓದುವುದರಲ್ಲಿಯೇ ನಿಲ್ಲಲಿಲ್ಲ. ೨೦೧೪ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಮಾನವ ಪ್ರೋಟೀನುಗಳ ಕರಡು ನಕ್ಷೆಯು ಜಾನ್ಸ್ ಹಾಪ್ಕಿನ್ಸ್ ಮತ್ತು ಈ ಸಂಸ್ಥೆಯ ಕೂಡುಕಾರ್ಯ. ೩೦ ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಪರೀಕ್ಷಿಸಿ ೧೭,೨೯೪ ಜೀನುಗಳ ಪ್ರೋಟೀನುಗಳನ್ನು ಅದರಲ್ಲಿ ಗುರುತಿಸಲಾಯಿತು. ಅದು ಯಾರಿದ್ದಾರೆಂಬುದರ ಗಣತಿ. ಯಾರೊಡನೆ ಯಾರೆಂಬುದು ಬೇರೆಯ ಪ್ರಶ್ನೆ.

ಆ ಪ್ರಶ್ನೆಗೆ ಈಚಿನ ದಿನಗಳಲ್ಲಿ ಒದಗಿರುವ ಮಾರ್ಗವು ಸಂತೆಯ ತೊಡಕನ್ನು ಹೊಸ ರೀತಿಯಲ್ಲಿ ಬಿಡಿಸುತ್ತದೆ. ಊರಿನಲ್ಲಿ ಓಕುಳಿಯಾಡುವಾಗ ಒಬ್ಬನ ಕೈಗೆ ಮಾತ್ರ ಬಣ್ಣದ ನೀರನ್ನು ಕೊಟ್ಟು ಬಿಟ್ಟೆವೆಂದುಕೊಳ್ಳೋಣ. ಮರುದಿನ ಎಲ್ಲರೂ ಸಂತೆಗೆ ಬರಲಿ, ಎಷ್ಟೇ ಕಲೆತುಹೋಗಲಿ; ಯಾರ ಬಟ್ಟೆಯ ಮೇಲೆ ಬಣ್ಣವಿದೆಯೋ ಅವರು ಹಿಂದಿನ ದಿನ ಅವನ ಬಳಿ ಸುಳಿದಿದ್ದರೆಂದು ಹೇಳಬಹುದು. ೨೦೧೨ರಲ್ಲಿ ಕೈಲ್ ರೂ ಮತ್ತು ಸಂಗಡಿಗರು ಪ್ರಕಟಿಸಿದ 'ಬಯೋಐಡಿ' ಕ್ರಮವು ಇದೇ. ಕರುಳಿನ ಬ್ಯಾಕ್ಟೀರಿಯದ ಒಂದು ಕಿಣ್ವವನ್ನು ತುಸು ಕೆಡಿಸಿ, ಪ್ರೋಟೀನಿಗೆ ಜೋಡಿಸಿ, ಜೀವಂತ ಕೋಶದಲ್ಲಿ ಬಿಟ್ಟರೆ, ಅದು ಬಯೋಟಿನ್ ಎಂಬ ಜೀವಸತ್ತ್ವವನ್ನು ಸುತ್ತಲಿನ ಸುಮಾರು ಹತ್ತು ನ್ಯಾನೋಮೀಟರಿನೊಳಗಣ ಪ್ರೋಟೀನುಗಳಿಗೆ ಬಳಿಯುತ್ತದೆ. ಬಳಿದ ಗುರುತು ಅಳಿಯದುದಾದ್ದರಿಂದ, ಆಮೇಲೆ ಕೋಶವನ್ನು ಎಷ್ಟು ಒರಟಾಗಿ ಒಡೆದು ಎಷ್ಟು ಸಲ ತೊಳೆದರೂ ಬಾಧಕವಿಲ್ಲ. ಕೋಶಕೇಂದ್ರದ ಅಂಚಿನ ಲ್ಯಾಮಿನ್-ಎ ಎಂಬ, ಮೃದುವಾದ ಮಾರ್ಜಕಗಳಿಗೆ ಕರಗದ ಪ್ರೋಟೀನನ್ನೇ ಅವರು ಮೊದಲ ಪರೀಕ್ಷೆಗೆ ಆರಿಸಿಕೊಂಡುದು ಅರ್ಥಪೂರ್ಣವಾಗಿದೆ. ಹಳೆಯ ವಿಧಾನಗಳು ಸೋತ ಸ್ಥಳವದು.

ಕೊರತೆಯೆಂದರೆ ನಿಧಾನ. ಬಣ್ಣ ಬಳಿಯಲು ಒಂದು ಹಗಲೋ ಒಂದು ರಾತ್ರಿಯೋ ಬೇಕಾಗುತ್ತಿತ್ತು. ಅಷ್ಟರಲ್ಲಿ ಕೋಶದೊಳಗೆ ಎಷ್ಟೋ ಭೇಟಿಗಳೂ ಅಗಲಿಕೆಗಳೂ ನಡೆದುಹೋಗುತ್ತವೆ. ೨೦೧೩ರಲ್ಲಿ ಆಲಿಸ್ ಟಿಂಗ್ ಅವರ ಬಳಗವು 'ಎಪೆಕ್ಸ್' ಎಂಬ ಬೇರೊಂದು ಕಿಣ್ವದಿಂದ ಇದನ್ನು ಒಂದು ನಿಮಿಷಕ್ಕೆ ಇಳಿಸಿತು. ಅದಕ್ಕೆ ಹೈಡ್ರೊಜನ್ ಪೆರಾಕ್ಸೈಡನ್ನು ಬೆರೆಸಬೇಕಾದುದರಿಂದ ಜೀವಂತ ಕೋಶಕ್ಕೆ ಅದು ಹಿತವಲ್ಲ. ೨೦೧೮ರಲ್ಲಿ ಅದೇ ಬಳಗವು 'ಟರ್ಬೊಐಡಿ'ಯನ್ನು ರೂಪಿಸಿ, ಬಯೋಟಿನ್ನಿನ ಹೊರತು ಬೇರೇನನ್ನೂ ಬೆರೆಸದೆ ಹತ್ತು ನಿಮಿಷಗಳಲ್ಲಿ ಕೆಲಸ ಮುಗಿಯುವಂತೆ ಮಾಡಿತು. ಆದರೆ ಈ ಮಾರ್ಗವು ಹೇಳುವುದು ಸಾಮೀಪ್ಯವನ್ನು. ಬಣ್ಣ ಹತ್ತಿದವನು ನೆಂಟನೇ ಆಗಿರಬೇಕಿಲ್ಲ, ಪಕ್ಕದ ಜಗಲಿಯಲ್ಲಿ ಕುಳಿತಿದ್ದವನೂ ಆಗಿರಬಹುದು. ನೆರೆಯವನನ್ನು ಬಂಧುವೆಂದು ಬರೆದುಕೊಳ್ಳುವ ಆತುರವು ಈಚಿನ ಕೆಲವು ಬರೆಹಗಳಲ್ಲಿ ಕಾಣುತ್ತಿರುವುದನ್ನು ಹೇಳದೆ ಇರಲಾರೆವು.

ಎಳೆಯುವ ಮಾರ್ಗವೂ ಹಿಂದೆ ಬಿದ್ದಿಲ್ಲ. ಹಾರ್ವರ್ಡಿನ 'ಬಯೋಪ್ಲೆಕ್ಸ್' ಎಂಬ ಕಾರ್ಯದಲ್ಲಿ ಹೆಕ್ ೨೯೩ರ ಒಂದು ಶಾಖೆಯ ಕೋಶಗಳಲ್ಲಿ ೧೦,೧೨೮ ಪ್ರೋಟೀನುಗಳನ್ನು ಒಂದೊಂದಾಗಿ ಎರೆಯಾಗಿ ಕಟ್ಟಿ ಎಳೆದು, ೧,೧೮,೧೬೨ ಸಂಬಂಧಗಳನ್ನು ೨೦೨೧ರಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಕರುಳಿನ ಗಡ್ಡೆಯಿಂದ ಬಂದ ಮತ್ತೊಂದು ಕೋಶವಂಶದಲ್ಲಿ ೫,೫೨೨ ಎರೆಗಳಿಂದ ೭೦,೭೨೫ ಸಂಬಂಧಗಳು ದೊರೆತುವು. ಎರಡನ್ನೂ ಹೋಲಿಸಿದಾಗ ಅನೇಕ ಸಂಬಂಧಗಳು ಒಂದರಲ್ಲಿ ಮಾತ್ರ ಕಂಡುವು. ಹೀಗೆ ವಿಧಾನದ ಜೊತೆಗೆ ಕೋಶವಂಶದ ಹೆಸರನ್ನೂ ಹೇಳಬೇಕಾಯಿತು. ಇದಕ್ಕಿಂತ ಮುಂಚೆ, ೨೦೧೩ರಲ್ಲಿ, ಯಾವ ಎರೆಯನ್ನು ಕಟ್ಟಿದರೂ ಅಂಟಿಕೊಂಡು ಬರುವ ಪ್ರೋಟೀನುಗಳನ್ನು ನಾನಾ ಪ್ರಯೋಗಶಾಲೆಗಳ ಬರಿಯ ಎಳೆತಗಳಿಂದ ಒಟ್ಟುಗೂಡಿಸಿ ಒಂದು ಪಟ್ಟಿಯನ್ನು ಸಿದ್ಧಪಡಿಸಲಾಗಿತ್ತು. ಸುಳ್ಳು ಸಾಕ್ಷಿಗಳ ಹೆಸರನ್ನು ಎಲ್ಲರ ಉಪಯೋಗಕ್ಕಾಗಿ ಅಚ್ಚು ಹಾಕಿದ ಇಂತಹ ಗ್ರಂಥವು ನಮ್ಮ ಶಾಸ್ತ್ರದಲ್ಲಿಯೂ ಇದ್ದರೆ ಎಷ್ಟು ಚೆನ್ನಾಗಿದ್ದಿತು! ೨೦೨೦ರ ಸಾಂಕ್ರಾಮಿಕದ ಆರಂಭದ ತಿಂಗಳುಗಳಲ್ಲಿ ಹೊಸ ಕೊರೋನ ವೈರಸ್ಸಿನ ೨೬ ಪ್ರೋಟೀನುಗಳನ್ನು ಹೆಕ್ ೨೯೩ರ ಕೋಶಗಳಲ್ಲಿ ಎರೆಯಾಗಿ ಕಟ್ಟಿ ೩೩೨ ಮಾನವ ಸಂಬಂಧಗಳನ್ನು ಗುರುತಿಸಿ, ಆಗಲೇ ಬಳಕೆಯಲ್ಲಿದ್ದ ಔಷಧಗಳಲ್ಲಿ ಯಾವುವು ಪ್ರಯೋಜನಕ್ಕೆ ಬರಬಹುದೆಂದು ಸೂಚಿಸಲು ಸಾಧ್ಯವಾದುದು ಈ ಎಲ್ಲ ಪೂರ್ವಸಿದ್ಧತೆಯ ಫಲ. ಅದು ಶ್ವಾಸಕೋಶದ ಕೋಶವಲ್ಲವೆಂಬ ಮಾತನ್ನು ಆಗಲೂ ಕೆಲವರು ಎತ್ತಿದರು. ಎತ್ತಬೇಕಾದ ಮಾತೇ ಅದು.

ಎಚ್.ಪಿ.ಆರ್.ಡಿ.ಗೆ ೨೦೧೦ರ ಒಂಬತ್ತನೆಯ ಆವೃತ್ತಿಯೇ ಕಡೆಯದಾಯಿತು. ಅದರ ಮೂರು ಅಂಕಣಗಳಲ್ಲಿ ೨೦೧೨ರ ಓಕುಳಿಯ ವಿಧಾನಕ್ಕೆ ಸ್ಥಳವಿಲ್ಲ. ಇಂದು ನಡೆಯುತ್ತಿರುವ 'ಬಯೋಗ್ರಿಡ್' ಎಂಬ ದತ್ತಸಂಗ್ರಹದಲ್ಲಿ ಸಾಮೀಪ್ಯದ ಗುರುತಿನಿಂದ ತಿಳಿದುದಕ್ಕೆ ಪ್ರತ್ಯೇಕವಾದ ಒಂದು ವರ್ಗವಿದೆ. ರೈಸರ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಪರಿಷ್ಕರಿಸಿ ಮತ್ತೆ ಪ್ರಕಟಿಸಲು ಕೈಕೊಂಡಾಗ, ಸಂಪಾದಕರು ಹಳೆಯ ಸಂಪುಟದ ತಲೆಸಾಲನ್ನು ಹಿಡಿದು ಆಯಾ ಗ್ರಾಮಕ್ಕೆ ಹೋಗಿ ಕಲ್ಲನ್ನು ಮತ್ತೆ ಓದಲು ಅವಕಾಶವಿದ್ದಿತು. ಬೆಂಗಳೂರಿನ ವಾಚಕರು ಬರೆದಿಟ್ಟ ೪೧,೩೨೭ ಸಂಬಂಧಗಳನ್ನು ಹೊಸ ವಿಧಾನಗಳಿಂದ ಮತ್ತೆ ಪರೀಕ್ಷಿಸಬಯಸುವವನಿಗೂ ಅಂತಹ ತಲೆಸಾಲು ಪ್ರತಿಯೊಂದು ನಮೂದಿನ ಬದಿಯಲ್ಲಿಯೂ ಇದೆ.